ಮರಿ ಕಿರುಚಿದಾಗ ಯಾರು ಯಾರನ್ನು ನೋಡಿದರು: ಅಂಬೋಸೆಲಿಯ ವರ್ವೆಟ್ ಕೋತಿಗಳ ಒಂದು ಪ್ರಕರಣ ಅಧ್ಯಯನ

ವಾನರಗಳ ಧ್ವನಿ ಸಂವಹನವನ್ನು ಕುರಿತು ಓದತೊಡಗಿದವರಿಗೆ ಅಂಬೋಸೆಲಿಯ ವರ್ವೆಟ್ ಕೋತಿಗಳು ಬಹುಬೇಗ ಎದುರಾಗುತ್ತವೆ. ಚಿರತೆ ಕಂಡರೆ ಒಂದು ಕೂಗು, ಹದ್ದು ಕಂಡರೆ ಇನ್ನೊಂದು, ಹಾವು ಕಂಡರೆ ಮತ್ತೊಂದು ಎಂಬ ಸಂಗತಿ ಅಷ್ಟು ಪ್ರಸಿದ್ಧವಾಗಿದೆ. ಆದರೆ ಅದನ್ನು ಪ್ರಯೋಗದಿಂದ ತೋರಿಸಿದ ರಾಬರ್ಟ್ ಸೈಫಾರ್ತ್ ಮತ್ತು ಡೊರೊಥಿ ಚೇನಿ ಎಂಬ ಇಬ್ಬರು ವಿಜ್ಞಾನಿಗಳೇ ಅದೇ ಕಾಡಿನಲ್ಲಿ ನಡೆಸಿ, 1980ರಲ್ಲೇ ಪ್ರಕಟಿಸಿದ ಇನ್ನೊಂದು ಚಿಕ್ಕ ಪ್ರಯೋಗಕ್ಕೆ ಅಷ್ಟು ಹೆಸರು ಬರಲಿಲ್ಲ. ಮರೆಯಿಂದ ಒಂದು ಮರಿಯ ಕಿರುಚು ಕೇಳಿಸಿದಾಗ, ಆ ಮರಿಗೆ ತಾಯಿಯಲ್ಲದ ಹೆಣ್ಣುಗಳು ಎತ್ತ ತಿರುಗಿ ನೋಡಿದವು ಎಂಬುದನ್ನು ಅದು ಪರೀಕ್ಷಿಸಿತ್ತು. ನನ್ನ ಎಣಿಕೆಯಲ್ಲಿ ವಾನರಗಳ ಮನಸ್ಸಿನ ಬಗ್ಗೆ ಹೆಚ್ಚು ಗಟ್ಟಿಯಾದ ತಿಳಿವಳಿಕೆಯನ್ನು ಕೊಟ್ಟದ್ದು ಈ ಎರಡನೆಯ ಪ್ರಯೋಗವೇ. ಅದು ಏಕೆ ಎಂಬುದನ್ನು ತೋರಿಸಲು ಮೊದಲನೆಯದನ್ನೂ ಅದರ ಮೇಲೆ ನಂತರ ನಡೆದ ಮರುಪರಿಶೀಲನೆಯನ್ನೂ ವಿವರಿಸಿ ಮುಂದುವರಿಯುತ್ತೇನೆ.

ಅಂಬೋಸೆಲಿ ಕೀನ್ಯಾದ ದಕ್ಷಿಣ ಗಡಿಯ ಬಳಿ, ಕಿಲಿಮಂಜಾರೋ ಪರ್ವತದ ಉತ್ತರಕ್ಕೆ ಹರಡಿರುವ ಒಣ ಬಯಲು. ಪರ್ವತದ ನೀರು ನೆಲದಡಿಯಲ್ಲಿ ಹರಿದು ಬಂದು ಅಲ್ಲಲ್ಲಿ ಜೌಗಾಗಿ ಮೇಲೇಳುತ್ತದೆ. ಅಲ್ಲಿನ ಜಾಲಿ ಜಾತಿಯ ಮರಗಳನ್ನು ಆಶ್ರಯಿಸಿ ವರ್ವೆಟ್‌ಗಳು ಬದುಕುತ್ತವೆ. ಕಪ್ಪು ಮುಖ, ಬೂದು ಮೈ, ಹಣೆಯ ಮೇಲೆ ಬಿಳಿಯ ಪಟ್ಟಿ ಇರುವ ಈ ಪ್ರಾಣಿ ನಮ್ಮ ಊರುಗಳ ಕೋತಿಗಿಂತ ತುಸು ಹಗುರ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಬಾಳು ಮುಗಿಸುತ್ತವೆ. ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಬೇರೆ ಹಿಂಡುಗಳಿಗೆ ಹೋಗುತ್ತವೆ. ಮಗಳಿಗೆ ತಾಯಿಯ ಸ್ಥಾನದ ಪಕ್ಕದಲ್ಲೇ ಸ್ಥಾನ ಸಿಗುವುದರಿಂದ ಇಡೀ ಹಿಂಡನ್ನು ಮೇಲುಕೀಳಿನ ಕ್ರಮದಲ್ಲಿ ನಿಂತ ತಾಯಿವಂಶಗಳ ಸಾಲು ಎಂದು ನೋಡಬಹುದು. ಯಾರು ಯಾರ ಮಗಳು, ಯಾರು ಯಾರಿಗಿಂತ ಮೇಲು ಎಂಬುದು ಮೇವಿನಿಂದ ಹಿಡಿದು ಜಗಳದವರೆಗೆ ಎಲ್ಲವನ್ನೂ ನಿರ್ಧರಿಸುತ್ತದೆ. ನೋಡುವ ವಿಜ್ಞಾನಿಗೆ ಇದು ಕೆಲವು ತಿಂಗಳಲ್ಲಿ ಗೊತ್ತಾಗುತ್ತದೆ. ಆದರೆ ಹಿಂಡಿನೊಳಗಿನ ಕೋತಿಗೆ ಇತರರ ಸಂಬಂಧಗಳು ತಿಳಿದಿವೆಯೇ, ಅಥವಾ ತನಗೆ ಯಾರು ಏನಾಗಬೇಕು ಎಂಬಷ್ಟು ಮಾತ್ರ ತಿಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಕೂಗುಗಳ ಕಥೆ ಆರಂಭವಾಗುವುದು ಥಾಮಸ್ ಸ್ಟ್ರುಸೇಕರ್ ಅವರಿಂದ. 1960ರ ದಶಕದ ಮೊದಲ ಭಾಗದಲ್ಲಿ ಅಂಬೋಸೆಲಿಯಲ್ಲಿ ಈ ಕೋತಿಗಳನ್ನು ಗಮನಿಸಿದ ಅವರು, ತಮ್ಮನ್ನು ಬೇಟೆಯಾಡುವ ಬೇರೆ ಬೇರೆ ಪ್ರಾಣಿಗಳಿಗೆ ಬೇರೆ ಬೇರೆ ಎಚ್ಚರಿಕೆಯ ಕೂಗುಗಳಿವೆ ಎಂದು 1967ರಲ್ಲಿ ವರದಿ ಮಾಡಿದರು. ಆ ಕಾಲದಲ್ಲಿ ಬಹುತೇಕ ವಿದ್ವಾಂಸರು ಪ್ರಾಣಿಗಳ ಕೂಗನ್ನು ಭಾವೋದ್ವೇಗದ ಹೊರಸೂಚನೆ ಎಂದಷ್ಟೇ ಪರಿಗಣಿಸುತ್ತಿದ್ದರು. ಸ್ಟ್ರುಸೇಕರ್ ಅವರ ವರದಿಯನ್ನೂ ಆ ಚೌಕಟ್ಟಿನಲ್ಲೇ ವಿವರಿಸಲು ಅವಕಾಶವಿತ್ತು. ಚಿರತೆಯ ಭಯ ಹೆಚ್ಚು, ಹಾವಿನ ಭಯ ಕಡಿಮೆ, ಭಯದ ಮಟ್ಟಕ್ಕೆ ತಕ್ಕಂತೆ ಕೂಗು ಬದಲಾಗುತ್ತದೆ. ಕೇಳಿದ ಕೋತಿ ಗಾಬರಿಯಿಂದ ಸುತ್ತ ನೋಡುತ್ತದೆ, ಚಿರತೆ ಕಣ್ಣಿಗೆ ಬಿದ್ದ ಮೇಲೆ ಮರ ಹತ್ತುತ್ತದೆ ಎಂದು ವಾದಿಸಬಹುದಿತ್ತು. ಕೂಗೂ ಬೇಟೆಯಾಡುವ ಪ್ರಾಣಿಯೂ ಒಟ್ಟಿಗೇ ಇರುವ ತನಕ, ಕೋತಿ ಯಾವುದಕ್ಕೆ ಪ್ರತಿಕ್ರಿಯಿಸಿತು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿರಲಿಲ್ಲ.

ಈ ಗಂಟನ್ನು ಬಿಡಿಸಲು 1977ರಲ್ಲಿ ಅಂಬೋಸೆಲಿಗೆ ಬಂದವರು ರಾಬರ್ಟ್ ಸೈಫಾರ್ತ್ ಮತ್ತು ಡೊರೊಥಿ ಚೇನಿ. ದಂಪತಿಗಳಾದ ಇವರಿಬ್ಬರೂ ರಾಬರ್ಟ್ ಹೈಂಡ್ ಅವರ ಕೈಕೆಳಗೆ ಕೇಂಬ್ರಿಡ್ಜ್‌ನಲ್ಲಿ ತರಬೇತಾಗಿ, ಹಕ್ಕಿಗಳ ಹಾಡಿನ ಅಧ್ಯಯನಕ್ಕೆ ಹೆಸರಾದ ಪೀಟರ್ ಮಾರ್ಲರ್ ಅವರೊಂದಿಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಬಳಸಿದ ಉಪಾಯ ಪ್ಲೇಬ್ಯಾಕ್, ಅಂದರೆ ಮುದ್ರಿಸಿಕೊಂಡ ಕೂಗನ್ನು ಪ್ರಾಣಿಗೇ ಮರಳಿ ಕೇಳಿಸುವುದು. ಹೇಳಲು ಸರಳವಾದ ಈ ಕೆಲಸ ಕಾಡಿನಲ್ಲಿ ಬಹಳ ತಾಳ್ಮೆ ಬೇಡುತ್ತದೆ. ಮೊದಲು ಪ್ರತಿಯೊಂದು ಕೋತಿಯನ್ನೂ ಮುಖ ನೋಡಿ ಗುರುತಿಸಲು ಬರಬೇಕು. ಅವು ಮನುಷ್ಯರ ಇರವಿಗೆ ಒಗ್ಗಿಕೊಂಡಿರಬೇಕು. ನಿಜವಾದ ಚಿರತೆ, ನಿಜವಾದ ಹದ್ದು ಕಾಣಿಸಿದ ಗಳಿಗೆಯಲ್ಲೇ ಟೇಪ್ ಓಡುತ್ತಿರಬೇಕು, ಕೂಗಿದ್ದು ಯಾರು ಎಂಬುದೂ ದಾಖಲಾಗಬೇಕು. ಆಮೇಲೆ ಸ್ಪೀಕರನ್ನು ಪೊದೆಯಲ್ಲಿ ಅಡಗಿಸಿಟ್ಟು, ಸುತ್ತ ಬೇಟೆಯಾಡುವ ಯಾವ ಪ್ರಾಣಿಯೂ ಇಲ್ಲದ ಹೊತ್ತು ನೋಡಿ, ಯಾರ ದನಿಯನ್ನು ಕೇಳಿಸಬೇಕೋ ಆ ಕೋತಿ ಉಳಿದವರ ಕಣ್ಣಿಗೆ ಬೀಳದ ಕಡೆ ಇರುವಾಗ ಮಾತ್ರ ಪ್ರಯೋಗ ನಡೆಸಬೇಕು. ಕೂಗಿಗೆ ಮುಂಚಿನ ಕೆಲವು ಕ್ಷಣಗಳನ್ನೂ ನಂತರದ ಕೆಲವು ಕ್ಷಣಗಳನ್ನೂ ಚಿತ್ರೀಕರಿಸಿಕೊಂಡು ಎರಡನ್ನೂ ಹೋಲಿಸಬೇಕು. ಪದೇಪದೇ ಕೇಳಿಸಿದರೆ ಪ್ರಾಣಿಗಳು ಕಿವಿಗೊಡುವುದನ್ನೇ ಬಿಡುತ್ತವೆಯಾದ್ದರಿಂದ ಒಂದು ಪ್ರಯೋಗಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಬಿಡುವು ಕೊಡಬೇಕು.

ಫಲಿತಾಂಶ 1980ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಚಿರತೆಯನ್ನು ಸೂಚಿಸುವ ಕೂಗು ಕೇಳಿದಾಗ ನೆಲದ ಮೇಲಿದ್ದ ಕೋತಿಗಳು ಮರಕ್ಕೆ ಓಡಿದವು. ಹದ್ದಿನ ಕೂಗಿಗೆ ಮೇಲೆ ನೋಡಿದವು, ಕೆಲವೊಮ್ಮೆ ಪೊದೆಯೊಳಗೆ ನುಗ್ಗಿದವು. ಹಾವಿನ ಕೂಗಿಗೆ ಹಿಂಗಾಲುಗಳ ಮೇಲೆ ನಿಂತು ಸುತ್ತಲಿನ ಹುಲ್ಲನ್ನು ದಿಟ್ಟಿಸಿದವು. ಈ ಮೂರು ನಡವಳಿಕೆಗಳಲ್ಲಿ ಒಂದರ ಬದಲು ಇನ್ನೊಂದನ್ನು ಮಾಡಿದರೆ ಪ್ರಾಣಕ್ಕೆ ಅಪಾಯ. ಚಿರತೆ ಹೊಂಚುಹಾಕುವುದೇ ಪೊದೆಯಲ್ಲಿ; ಹದ್ದು ಮರದ ಮೇಲಿನಿಂದಲೂ ಕೋತಿಯನ್ನು ಎತ್ತಿಕೊಂಡು ಹೋಗಬಲ್ಲದು. ಸಂಶೋಧಕರು ಕೂಗಿನ ಉದ್ದವನ್ನೂ ಏರುದನಿಯನ್ನೂ ಬದಲಿಸಿ ನೋಡಿದರು. ಭಯದ ಮಟ್ಟವಷ್ಟೇ ಮುಖ್ಯವಾಗಿದ್ದರೆ ಜೋರು ಕೂಗಿಗೂ ಮೆಲ್ಲನೆಯ ಕೂಗಿಗೂ ಪ್ರತಿಕ್ರಿಯೆಯ ಬಗೆಯೇ ಬೇರೆಯಾಗಬೇಕಿತ್ತು. ಹಾಗಾಗಲಿಲ್ಲ, ಪ್ರತಿಕ್ರಿಯೆಯನ್ನು ನಿರ್ಧರಿಸಿದ್ದು ಕೂಗಿನ ಬಗೆ.

ಮರಿಗಳ ವಿಚಾರ ಇಲ್ಲಿ ವಿಶೇಷ ಗಮನಕ್ಕೆ ಅರ್ಹ. ದೊಡ್ಡವು ಹದ್ದಿನ ಕೂಗನ್ನು ಹೆಚ್ಚಾಗಿ ಮಾರ್ಷಲ್ ಈಗಲ್ ಎಂಬ ದೊಡ್ಡ ಹದ್ದಿಗೇ ಮೀಸಲಿಟ್ಟಿದ್ದರೆ, ಮರಿಗಳು ಅಪಾಯವಿಲ್ಲದ ಎಷ್ಟೋ ಹಕ್ಕಿಗಳಿಗೂ, ಕೆಲವೊಮ್ಮೆ ಉದುರುವ ಎಲೆಗೂ ಅದೇ ಕೂಗು ಕೂಗುತ್ತಿದ್ದವು. ಆದರೆ ಆ ತಪ್ಪುಗಳಲ್ಲೂ ಒಂದು ಕ್ರಮವಿತ್ತು. ಆಕಾಶದಲ್ಲಿರುವುದಕ್ಕೆ ಹದ್ದಿನ ಕೂಗು, ನೆಲದ ಮೇಲೆ ನಡೆಯುವ ಪ್ರಾಣಿಗೆ ಚಿರತೆಯ ಕೂಗು, ಉದ್ದನೆಯ ಹಾವಿನಂಥ ವಸ್ತುವಿಗೆ ಹಾವಿನ ಕೂಗು ಎಂಬ ಸ್ಥೂಲ ವಿಂಗಡಣೆ ಮೊದಲಿನಿಂದಲೇ ಇದ್ದು, ವಯಸ್ಸು ಮತ್ತು ಅನುಭವದಿಂದ ಅದು ನಿಖರವಾಗುತ್ತಾ ಹೋಗುತ್ತಿತ್ತು.

ಈ ಕೂಗುಗಳನ್ನು ಮನುಷ್ಯ ಭಾಷೆಯ ಪೂರ್ವರೂಪವೆಂದು ಅನೇಕರು ಕೊಂಡಾಡಿದರು. ಆ ಉತ್ಸಾಹವನ್ನು ನಂತರದ ಅಧ್ಯಯನಗಳು ತಗ್ಗಿಸಿವೆ. 2015ರಲ್ಲಿ ಟ್ಯಾಬಿತಾ ಪ್ರೈಸ್, ಜೂಲಿಯಾ ಫಿಷರ್ ಮತ್ತಿತರರು ವರ್ವೆಟ್ ಮತ್ತು ಅವುಗಳ ಹತ್ತಿರದ ಬಂಧುಗಳ ಕೂಗುಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿದಾಗ, ಗಂಡುಗಳು ಚಿರತೆ ಕಂಡಾಗ ಹೊರಡಿಸುವ ಬೊಗಳಿಕೆಯಂಥ ಕೂಗನ್ನೇ ತಮ್ಮತಮ್ಮೊಳಗಿನ ಕಾದಾಟದಲ್ಲೂ ಬಳಸುತ್ತವೆ ಎಂಬುದು ಸ್ಪಷ್ಟವಾಯಿತು. ಆ ಪ್ರಬಂಧದ ಲೇಖಕರಲ್ಲಿ ಚೇನಿ ಮತ್ತು ಸೈಫಾರ್ತ್ ಇಬ್ಬರೂ ಇದ್ದರು ಎಂಬುದನ್ನು ಗೌರವದಿಂದ ದಾಖಲಿಸಬೇಕು. 2019ರಲ್ಲಿ ಫಿಷರ್ ಅವರ ತಂಡ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ನಡೆಸಿದ ಇನ್ನೂ ಕುತೂಹಲಕರವಾದ ಪ್ರಯೋಗವನ್ನು ಪ್ರಕಟಿಸಿತು. ವರ್ವೆಟ್‌ಗಳ ಬಂಧುಗಳಾದ ಅಲ್ಲಿನ ಹಸಿರು ಕೋತಿಗಳ ಮೇಲೆ ಒಂದು ಡ್ರೋನ್ ಹಾರಿಸಿದಾಗ ಅವು ಎಚ್ಚರಿಕೆಯ ಕೂಗು ಕೂಗಿದವು. ಆ ಕೂಗು ಅವುಗಳ ಚಿರತೆ ಕೂಗಿಗಾಗಲಿ ಹಾವಿನ ಕೂಗಿಗಾಗಲಿ ಹೋಲಲಿಲ್ಲ. ಸಾವಿರಾರು ಕಿಲೋಮೀಟರ್ ಆಚೆ ಪೂರ್ವ ಆಫ್ರಿಕಾದ ವರ್ವೆಟ್‌ಗಳ ಹದ್ದಿನ ಕೂಗಿಗೆ ಬಹಳ ಹತ್ತಿರವಾಗಿತ್ತು. ಕೂಗಿನ ರಚನೆ ಕಲಿತು ಬರುವಂಥದ್ದಲ್ಲ, ಹುಟ್ಟಿನಿಂದಲೇ ಒಲಿದು ಬಂದದ್ದು ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಆದರೆ ಕೇಳುವ ಕಡೆಯ ಸಂಗತಿ ಪೂರ್ತಿ ಬೇರೆಯಾಗಿತ್ತು. ಕೆಲವು ದಿನಗಳ ಬಳಿಕ ಡ್ರೋನಿನ ಸದ್ದನ್ನು ಮಾತ್ರ ಮರೆಯಿಂದ ಕೇಳಿಸಿದಾಗ ಕೋತಿಗಳು ತಲೆಯೆತ್ತಿ ಆಕಾಶವನ್ನು ಹುಡುಕಿದವು. ಹಿಂದೆಂದೂ ಕೇಳಿರದ ಒಂದು ಸದ್ದು ಏನನ್ನು ಸೂಚಿಸುತ್ತದೆಂದು ಅವು ತೀರ ಕಡಿಮೆ ಅನುಭವದಿಂದಲೇ ಕಲಿತಿದ್ದವು.

ಕೂಗುವವನ ಕಡೆಯ ಮಿತಿಯನ್ನು ಚೇನಿ ಮತ್ತು ಸೈಫಾರ್ತ್ ಕೂಡ ಬಹಳ ಮೊದಲೇ ಗುರುತಿಸಿದ್ದರು. ಬಂಧನದಲ್ಲಿದ್ದ ಮಕಾಕ್ ಜಾತಿಯ ಕೋತಿಗಳಲ್ಲಿ, ಅಪಾಯ ತಾಯಿಗೆ ಗೊತ್ತಿದ್ದು ಮರಿಗೆ ಗೊತ್ತಿಲ್ಲದಾಗ ತಾಯಿ ಹೆಚ್ಚು ಎಚ್ಚರಿಸುತ್ತದೆಯೇ ಎಂದು ಅವರು ಪರೀಕ್ಷಿಸಿ 1990ರಲ್ಲಿ ವರದಿ ಮಾಡಿದರು. ಎಚ್ಚರಿಸಲಿಲ್ಲ. ಮರಿಗೆ ಗೊತ್ತಿದೆಯೋ ಇಲ್ಲವೋ ಎಂಬುದು ತಾಯಿಯ ನಡವಳಿಕೆಯಲ್ಲಿ ವ್ಯತ್ಯಾಸ ಮಾಡಲಿಲ್ಲ. ಇದರಿಂದ ಮಕಾಕ್‌ಗಳಿಗೆ ಎದುರಿನವರ ಪರಿವೆಯೇ ಇಲ್ಲವೆಂದು ತೀರ್ಮಾನಿಸಬಾರದು. ಬಂಡೀಪುರದಲ್ಲಿ ಪ್ರವಾಸಿಗರಿಂದ ತಿಂಡಿ ಪಡೆಯಲು ಮೆಲುದನಿಯಲ್ಲಿ ಕೂಗುತ್ತಾ ಕೈಚಾಚುವ, ಮಕಾಕ್ ಜಾತಿಗೇ ಸೇರಿದ ನಮ್ಮ ಕೋತಿಗಳು, ಎದುರಿನ ಮನುಷ್ಯನ ಗಮನ ತಮ್ಮ ಮೇಲಿದೆಯೇ ಎಂದು ನೋಡಿಕೊಂಡು ಕೂಗುತ್ತವೆ ಎಂಬುದನ್ನು ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತ ಮತ್ತು ಬೆಂಗಳೂರಿನ ಅನಿಂದ್ಯ ಸಿನ್ಹಾ 2018ರಲ್ಲಿ ತೋರಿಸಿದ್ದಾರೆ. ಆದರೆ ಗಮನವನ್ನು ಗಮನಿಸುವುದು ಬೇರೆ, ಇನ್ನೊಬ್ಬರ ಅರಿವನ್ನು ಅಳೆಯುವುದು ಬೇರೆ. ಎರಡನೆಯದಕ್ಕೆ ಕೋತಿಗಳ ಕೂಗಿನಲ್ಲಿ ಸಾಕ್ಷ್ಯ ತೀರ ಕಡಿಮೆ.

ಹೀಗೆ ಕೂಗುವ ಬದಿ ಸೊರಗಿದಂತೆ ಕಂಡರೂ ಕೇಳುವ ಬದಿ ಸಿರಿವಂತವಾಗಿಯೇ ಉಳಿಯುತ್ತದೆ. ಮರಿಯ ಕಿರುಚಿನ ಪ್ರಯೋಗದ ಮಹತ್ವ ಇರುವುದು ಇಲ್ಲಿಯೇ. ವರ್ವೆಟ್ ಮರಿಗಳು ಆಟವಾಡುತ್ತಾ ಜಗಳಕ್ಕಿಳಿದಾಗ ಕಿರುಚುತ್ತವೆ, ತಾಯಿ ನೆರವಿಗೆ ಓಡಿ ಬರುತ್ತದೆ. ತಾಯಿಗೆ ತನ್ನ ಮರಿಯ ದನಿಯ ಗುರುತು ಇದೆಯೇ ಎಂದು ಪರೀಕ್ಷಿಸುವುದು ಸಂಶೋಧಕರ ಮೊದಲ ಉದ್ದೇಶವಾಗಿತ್ತು. ಮರಿ ಕಣ್ಣಿಗೆ ಕಾಣದಷ್ಟು ದೂರದಲ್ಲಿದ್ದಾಗ, ಆ ಮರಿಯ ತಾಯಿ ಮತ್ತು ಹಿಂಡಿನಲ್ಲಿ ತಮ್ಮದೇ ಮರಿಗಳಿದ್ದ ಇತರ ಹೆಣ್ಣುಗಳು ಹತ್ತಿರ ಹತ್ತಿರ ಕುಳಿತಿರುವ ಹೊತ್ತು ನೋಡಿ ಕಿರುಚನ್ನು ಕೇಳಿಸಲಾಯಿತು. ತಾಯಿ ಉಳಿದವರಿಗಿಂತ ಹೆಚ್ಚು ಹೊತ್ತು ಸ್ಪೀಕರಿನತ್ತ ನೋಡಿತು, ಅತ್ತ ಹೆಜ್ಜೆಯನ್ನೂ ಇಟ್ಟಿತು. ಅಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಚಿತ್ರೀಕರಣವನ್ನು ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಉಳಿದ ಹೆಣ್ಣುಗಳು ಕಿರುಚು ಬಂದ ದಿಕ್ಕನ್ನಷ್ಟೇ ನೋಡಿರಲಿಲ್ಲ, ತಾಯಿಯ ಕಡೆಗೂ ತಿರುಗಿದ್ದವು. ಕಿರುಚಿಗೆ ಮುಂಚೆ ಅವು ತಾಯಿಯನ್ನು ನೋಡುತ್ತಿದ್ದುದಕ್ಕೂ ನಂತರ ನೋಡಿದ್ದಕ್ಕೂ ಇದ್ದ ವ್ಯತ್ಯಾಸ ಆಕಸ್ಮಿಕವೆನ್ನುವಂತಿರಲಿಲ್ಲ. ವಠಾರದಲ್ಲಿ ಒಂದು ಮಗು ಅತ್ತರೆ ನೆರೆಯವರ ಕಣ್ಣು ಆ ಮಗುವಿನ ಮನೆಬಾಗಿಲಿಗೆ ಹೋಗುವಂತೆ, ಈ ಹೆಣ್ಣುಗಳ ನೋಟ ಸರಿಯಾದ ತಾಯಿಯನ್ನೇ ಹುಡುಕಿತ್ತು.

ಒಂದು ನೋಟದಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ತಾಯಿ ಮತ್ತು ಮರಿ ಸದಾ ಒಟ್ಟಿಗಿರುವುದರಿಂದ ಒಂದರ ದನಿ ಇನ್ನೊಂದನ್ನು ನೆನಪಿಸುವುದು ಬರಿಯ ಅಭ್ಯಾಸದ ಫಲವಿರಬಹುದು. ಈ ಆಕ್ಷೇಪವನ್ನು ಒಂದೇ ಪ್ರಯೋಗ ಪೂರ್ತಿ ತಳ್ಳಿಹಾಕಲಾರದು. ಆದರೆ ಅದೇ ಹಿಂಡುಗಳಿಂದ ಬಂದ ಇತರ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಎರಡು ಕೋತಿಗಳು ಜಗಳವಾಡಿದ ಬಳಿಕ ಒಂದು ಕೋತಿ ಎದುರಾಳಿಯ ಬಂಧುವಿನ ಮೇಲೆ ಹರಿಹಾಯುವ ಸಾಧ್ಯತೆ ಹೆಚ್ಚುತ್ತಿತ್ತು. ಅಷ್ಟೇ ಅಲ್ಲದೆ, ಜಗಳದಲ್ಲಿ ಪಾಲ್ಗೊಳ್ಳದ ಬಂಧುಗಳು ಕೂಡ ಎದುರಾಳಿಯ ಬಂಧುಗಳ ಮೇಲೆ ತಿರುಗಿಬೀಳುತ್ತಿದ್ದವು. ವೈರ ಹೀಗೆ ಮನೆತನದಿಂದ ಮನೆತನಕ್ಕೆ ದಾಟಬೇಕಾದರೆ ಯಾರು ಯಾರ ಮನೆತನದವರು ಎಂಬ ಅರಿವು ಬೇಕೇ ಬೇಕು. 1984ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಜಗಳದಲ್ಲಿ ನೆರವು ಕೋರುವ ಕೂಗನ್ನು ಕೇಳಿಸಲಾಯಿತು. ಕೂಗಿದ ಕೋತಿ ರಕ್ತಸಂಬಂಧಿಯಲ್ಲದಿದ್ದರೂ, ಅದು ಸ್ವಲ್ಪ ಹೊತ್ತಿನ ಹಿಂದೆ ಕೇಳುಗನ ಮೈಯಿಂದ ಹೇನು, ಕಸ ಹೆಕ್ಕಿದ್ದರೆ ಕೇಳುಗ ಹೆಚ್ಚು ಲಕ್ಷ್ಯ ಕೊಡುತ್ತಿತ್ತು. ಬಂಧುಗಳ ನಡುವೆ ಮಾತ್ರ ಇಂಥ ಲೆಕ್ಕ ಕಾಣಲಿಲ್ಲ.

ಈ ಅರಿವು ಎಲ್ಲ ವಿಷಯಕ್ಕೂ ಹಬ್ಬಿರಲಿಲ್ಲ ಎಂಬುದನ್ನೂ ಹೇಳಬೇಕು. ಬೇಟೆಯನ್ನು ಮರದ ಮೇಲೆ ಎಳೆದಿಡುವುದು ಚಿರತೆಯ ರೂಢಿ. ಆದರೂ ಮರದ ಕೊಂಬೆಯಲ್ಲಿ ತೂಗುಹಾಕಿದ ಪ್ರಾಣಿಯ ಕಳೇಬರವನ್ನು ಕಂಡ ವರ್ವೆಟ್‌ಗಳು ಚಿರತೆ ಹತ್ತಿರದಲ್ಲಿರಬಹುದೆಂಬ ಯಾವ ಎಚ್ಚರವನ್ನೂ ತೋರಲಿಲ್ಲ. ಹೆಬ್ಬಾವು ಹರಿದುಹೋದ ಜಾಡಿನ ವಿಷಯದಲ್ಲೂ ಹಾಗೆಯೇ ಆಯಿತು. ತಮ್ಮ ಹಿಂಡಿನ ಸಂಬಂಧಗಳನ್ನು ಇಷ್ಟು ಸೂಕ್ಷ್ಮವಾಗಿ ಓದುವ ಪ್ರಾಣಿ, ಪ್ರಾಣವನ್ನೇ ಉಳಿಸಬಹುದಾದ ಈ ಸುಳಿವುಗಳನ್ನು ಓದಲಿಲ್ಲ. ಕೋತಿಯ ಬುದ್ಧಿ ಬೆಳೆದದ್ದು ಮುಖ್ಯವಾಗಿ ಸಹಜೀವಿಗಳ ಒತ್ತಡದಲ್ಲಿ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಮರಿಯ ಕಿರುಚಿನ ಪ್ರಯೋಗ ಎತ್ತಿದ ಪ್ರಶ್ನೆಯನ್ನು ಚೇನಿ ಮತ್ತು ಸೈಫಾರ್ತ್ ಮುಂದೆ ಬೋಟ್ಸ್‌ವಾನಾಕ್ಕೆ ಕೊಂಡೊಯ್ದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದುಕೊಂಡು, 1992ರಿಂದ ಮುಂದೆ ಹದಿನೈದಕ್ಕೂ ಹೆಚ್ಚು ವರ್ಷ ಒಕಾವಾಂಗೋ ನದೀಮುಖದ ಮೊರೆಮಿ ವನ್ಯಧಾಮದಲ್ಲಿ ಚಕ್ಮಾ ಬಬೂನ್ ಎಂಬ ದೊಡ್ಡ ಕೋತಿಗಳನ್ನು ಅಧ್ಯಯನ ಮಾಡಿದರು. ಬಬೂನ್ ಹೆಣ್ಣುಗಳಲ್ಲೂ ತಾಯಿವಂಶಗಳ ಶ್ರೇಣಿ ವರ್ಷಗಟ್ಟಲೆ ಅಲುಗದೆ ನಿಲ್ಲುತ್ತದೆ. 2003ರಲ್ಲಿ ಥೋರ್ ಬರ್ಗ್‌ಮನ್, ಜೆಸಿಂಟಾ ಬೀನರ್ ಅವರೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಧ್ವನಿಮುದ್ರಣಗಳನ್ನು ಜೋಡಿಸಿ, ನಡೆಯದ ಜಗಳವೊಂದನ್ನು ಕಿವಿಗೆ ಕಟ್ಟಿಕೊಟ್ಟರು. ಒಂದು ಹೆಣ್ಣು ಬೆದರಿಸುವ ಗುಟುರು, ಅದರ ಬೆನ್ನಿಗೆ ಇನ್ನೊಂದು ಹೆಣ್ಣಿನ ಕಿರುಚು. ಕೆಲವು ಜೋಡಣೆಗಳಲ್ಲಿ ಕೆಳಗಿನವಳು ಮೇಲಿನವಳನ್ನು ಬೆದರಿಸಿದಂತೆ ಕೇಳುತ್ತಿತ್ತು. ಅಂಥ ಅದಲುಬದಲು ಒಂದೇ ಮನೆತನದ ಅಕ್ಕತಂಗಿಯರ ನಡುವೆ ನಡೆದಂತೆ ಕೇಳಿದಾಗ ಕೇಳುಗರು ಹೆಚ್ಚು ಹೊತ್ತು ನೋಡಲಿಲ್ಲ. ಕೆಳಗಿನ ಮನೆತನದವಳು ಮೇಲಿನ ಮನೆತನದವಳನ್ನು ಬೆದರಿಸಿದಂತೆ ಕೇಳಿದಾಗ ಸ್ಪೀಕರಿನತ್ತ ಗಮನಾರ್ಹವಾಗಿ ಹೆಚ್ಚು ಹೊತ್ತು ನೋಡಿದವು. ಅಕ್ಕತಂಗಿಯರ ಸ್ಥಾನಪಲ್ಲಟ ಮನೆಯೊಳಗಿನ ಮಾತು. ಮನೆತನಗಳ ನಡುವಿನ ಪಲ್ಲಟ ಇಡೀ ಹಿಂಡಿನ ಶ್ರೇಣಿಯನ್ನೇ ಕದಲಿಸಬಲ್ಲದು. ವ್ಯಕ್ತಿ, ಅಂತಸ್ತು, ಮನೆತನ ಎಂಬ ಮೂರನ್ನೂ ಒಟ್ಟಿಗೆ ಹಿಡಿದಿಡದ ಕೇಳುಗನಿಗೆ ಈ ವ್ಯತ್ಯಾಸ ತೋಚುವಂತಿಲ್ಲ. ತಾಯಿಮರಿಗಳ ಒಡನಾಟದ ಅಭ್ಯಾಸವೆಂಬ ಸರಳ ವಿವರಣೆ ಇಲ್ಲಿಗೆ ಸಾಲುವುದಿಲ್ಲ.

ಇಂಥ ಅರಿವಿನಿಂದ ಬಬೂನ್‌ಗೆ ಆಗುವ ಉಪಯೋಗವೇನು ಎಂಬುದಕ್ಕೂ ಮೊರೆಮಿಯಿಂದಲೇ ಮಾಹಿತಿ ಬಂದಿದೆ. ಇತರ ಹೆಣ್ಣುಗಳೊಂದಿಗೆ ಗಾಢವಾದ ಬಾಂಧವ್ಯವಿದ್ದ ತಾಯಂದಿರ ಮರಿಗಳು ಬದುಕುಳಿದ ಪ್ರಮಾಣ ಹೆಚ್ಚಿತ್ತು ಎಂದು ಜೋನ್ ಸಿಲ್ಕ್ ಮತ್ತು ಸಹೋದ್ಯೋಗಿಗಳು 2009ರಲ್ಲಿ, ಗಟ್ಟಿಯಾಗಿ ಬಹುಕಾಲ ನಿಂತ ಬಾಂಧವ್ಯಗಳಿದ್ದ ಹೆಣ್ಣುಗಳೇ ಹೆಚ್ಚು ವರ್ಷ ಬಾಳಿದವು ಎಂದು 2010ರಲ್ಲಿ ತೋರಿಸಿದರು. ಆದ್ದರಿಂದ ಮುರಿದ ಸಂಬಂಧವನ್ನು ಬೇಗ ಕೂಡಿಸಿಕೊಳ್ಳುವುದು ಬಬೂನ್‌ಗೆ ಸಣ್ಣ ವಿಷಯವಲ್ಲ. ಜಗಳದ ಬಳಿಕ ಮೇಲಿನವಳು ಸೋತವಳ ಬಳಿ ಬಂದು ಮೆಲ್ಲಗೆ ಗುಟುರುಹಾಕಿದರೆ ರಾಜಿಯಾದಂತೆ. ಕೆಲವೊಮ್ಮೆ ಜಗಳವಾಡಿದವಳ ಬದಲು ಅವಳ ಹತ್ತಿರದ ಬಂಧು ಬಂದು ಗುಟುರುಹಾಕುತ್ತಾಳೆ. ಅದಕ್ಕೂ ಬೆಲೆಯಿದೆಯೇ ಎಂದು ರೋಮನ್ ವಿಟಿಗ್, ಚೇನಿ, ಸೈಫಾರ್ತ್ ಮತ್ತಿತರರು 2007ರಲ್ಲಿ ಪ್ಲೇಬ್ಯಾಕ್ ಮೂಲಕವೇ ಪರೀಕ್ಷಿಸಿದರು. ಬೆದರಿಕೆಗೆ ಗುರಿಯಾದವಳಿಗೆ ಬೆದರಿಸಿದವಳ ಬಂಧುವಿನ ಗುಟುರು ಕೇಳಿಸಿದಾಗ ಅವಳು ಎದುರಾಳಿಯನ್ನು ತಾನಾಗಿ ಸಮೀಪಿಸಿದಳು, ಎದುರಾಳಿ ತನ್ನ ಬಳಿ ಬಂದಾಗ ಸಹಿಸಿಕೊಂಡಳು. ಅದೇ ಗುಟುರು ಬೇರೊಂದು ಮನೆತನದ ಹೆಣ್ಣಿನದಾಗಿದ್ದಾಗ ಹಾಗಾಗಲಿಲ್ಲ. ಅಂಬೋಸೆಲಿಯ ಹೆಣ್ಣುಗಳು ಕಿರುಚು ಕೇಳಿ ಇನ್ನೊಬ್ಬಳ ತಾಯ್ತನವನ್ನು ಗುರುತಿಸಿದ್ದವು; ಮೊರೆಮಿಯಲ್ಲಿ ಆ ಗುರುತಿಸುವಿಕೆ ಯಾರ ಬಳಿ ಹೋಗಬಹುದು, ಯಾರಿಂದ ದೂರವಿರಬೇಕು ಎಂಬ ದಿನನಿತ್ಯದ ತೀರ್ಮಾನಕ್ಕೆ ಆಧಾರವಾಗಿತ್ತು.